ಅಥಣಿಯಿಂದ ಚಿಕ್ಕೋಡಿಗೆ ಎರಡು ಕ್ಯಾನ್ ನೀರು

ಮೂವತ್ತೊಂದು ವರ್ಷ ನಾನು ನೀರು ನೋಡಿಯೇ ಸಂಬಳ ತೆಗೆದುಕೊಂಡೆ. ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಹೋಗುವ ನೀರು ಮೆದುವಾಗಿದೆಯೋ ಇಲ್ಲವೋ ಎಂದು ಎರಡು ತಾಸಿಗೊಮ್ಮೆ ಪರೀಕ್ಷಿಸಿ ವಹಿಯಲ್ಲಿ ಬರೆಯುವುದು ನನ್ನ ಕೆಲಸ. ಗಡಸು ನೀರು ಒಳಗೆ ಹೋದರೆ ಕೊಳವೆಗಳ ಒಳಮೈಗೆ ಸುಣ್ಣ ಕಟ್ಟುತ್ತದೆ, ಕೊಳವೆ ಕಾದು ಒಡೆಯುತ್ತದೆ, ಗಾಣ ನಿಲ್ಲುತ್ತದೆ, ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಬರುತ್ತದೆ. ನನ್ನ ಪಾಳಿಯಲ್ಲಿ ಒಂದು ಕೊಳವೆಯೂ ಒಡೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಮೀನಿನ ವಿಷಯದಲ್ಲಿ ನಾನು ಮಾಡಿದ ತಪ್ಪು ಹುಟ್ಟಿದ್ದೇ ಈ ಹೆಮ್ಮೆಯಿಂದ.

ನಿವೃತ್ತಿಯಾಗಿ ಚಿಕ್ಕೋಡಿಯ ಮನೆಗೆ ಬಂದ ಮೇಲೂ ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ತಿಂಡಿ ಬದಲಾಗಲಿಲ್ಲ. ಬದಲಾದದ್ದು ಒಂದೇ: ಪರೀಕ್ಷಿಸಲು ನೀರಿರಲಿಲ್ಲ. ಆ ಕೊರತೆ ತುಂಬಲು ಎಂಬತ್ತು ಲೀಟರಿನ ಗಾಜಿನ ತೊಟ್ಟಿ ತಂದೆ. ನಿಪ್ಪಾಣಿಯ ಮೀನಿನ ಅಂಗಡಿಯಿಂದ ಆರು ಏಂಜೆಲ್ ಮೀನು ತಂದೆ. ಅಂಗೈಯಷ್ಟು ಅಗಲ, ಬೆಳ್ಳಿಯ ಮೈಗೆ ಕರಿಯ ಪಟ್ಟೆ, ಮೇಲೂ ಕೆಳಗೂ ನೀಳ ರೆಕ್ಕೆ. ವರ್ಷದೊಳಗೆ ಅವುಗಳಲ್ಲಿ ಎರಡು ಜೋಡಿಯಾಗಿ ಉಳಿದ ನಾಲ್ಕನ್ನು ಮೂಲೆಗೆ ಅಟ್ಟಿದವು. ಆ ನಾಲ್ಕನ್ನು ಅಂಗಡಿಗೇ ಮರಳಿಸಿದೆ. ತೊಟ್ಟಿ ಈ ಜೋಡಿಯದಾಯಿತು.

ಒಂದು ಸಂಜೆ ಹೆಣ್ಣು ಮೀನು, ನಾನು ಓರೆಯಾಗಿ ನಿಲ್ಲಿಸಿದ್ದ, ಶಾಲೆಯ ಮಕ್ಕಳು ಬರೆಯುವಂಥ ಹಳೆಯ ಕಲ್ಲಿನ ಪಾಟಿಯ ಮೇಲೆ ಸಾಲಾಗಿ ತತ್ತಿ ಇಟ್ಟಿತು. ರಾಜಗಿರಿ ಕಾಳಿನಷ್ಟು, ಜೇನು ಬಣ್ಣದ ತತ್ತಿಗಳು. ಗಂಡು ಹಿಂದೆಯೇ ಬಂದು ಸವರಿಕೊಂಡು ಹೋಯಿತು. ಆಮೇಲೆ ಎರಡೂ ಸೇರಿ ಹಗಲೆಲ್ಲ ರೆಕ್ಕೆಯಿಂದ ಗಾಳಿ ಹಾಕಿದ್ದೇ ಹಾಕಿದ್ದು. ನನ್ನ ಹೆಂಡತಿ ಒಲೆಯ ಮೇಲೆ ಹಾಲಿಟ್ಟದ್ದನ್ನು ಮರೆತು ನೋಡುತ್ತ ನಿಂತಳು. ಹಾಲು ಉಕ್ಕಿತು. ನಮ್ಮ ಮನೆಯಲ್ಲಿ ಹಾಲು ಉಕ್ಕಿದ್ದು ನನಗೆ ನೆನಪಿದ್ದಂತೆ ಅದೇ ಮೊದಲು.

ಮೂರನೆಯ ದಿನ ತತ್ತಿಗಳೆಲ್ಲ ಸಾಬೂದಾಣಿಯಂತೆ ಬೆಳ್ಳಗಾದವು. ಸಂಜೆಯೊಳಗೆ ತಾಯಿ-ತಂದೆಯೇ ಅವನ್ನು ತಿಂದು ಪಾಟಿ ಸ್ವಚ್ಛ ಮಾಡಿದವು. ಹದಿಮೂರು ದಿನಕ್ಕೆ ಮತ್ತೆ ತತ್ತಿ, ಮತ್ತೆ ಬಿಳುಪು. ತತ್ತಿಗೆ ಬೂಷ್ಟು ಹಿಡಿಯದಿರಲೆಂದು ಅಂಗಡಿಯವನು ಕೊಟ್ಟ ನೀಲಿ ಔಷಧದ ಹನಿ ಹಾಕಿದೆ. ಮೂರನೆಯ ಸಲವೂ ಅದೇ ಆಯಿತು.

"ಆ ಬೋರಿನ ನೀರಾಗ ತೊಗರಿ ಬ್ಯಾಳಿ ಐದ ಸೀಟಿ ಹೊಡದ್ರೂ ಬೇಯೂದಿಲ್ಲ," ಎಂದಳು ಹೆಂಡತಿ. "ಅದರಾಗ ತತ್ತಿ ಹೆಂಗ ಒಡೀತಾವ್ರಿ?"

ಮಾತು ಸರಿಯಾಗಿತ್ತು. ನಳದ ನೀರು ನಮಗೆ ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ, ಹಾಗಾಗಿ ತೊಟ್ಟಿಗೆ ಬೋರಿನ ನೀರನ್ನೇ ಹಾಕುತ್ತಿದ್ದೆ. ನಮ್ಮ ಬೋರಿನದು ಪಕ್ಕಾ ಸವಳು ನೀರು. ತಂಬಿಗೆಯ ಬಾಯಿಗೆ ಬಿಳಿ ಕಟ್ಟುತ್ತದೆ. ಓಣಿಯ ಶುದ್ಧ ನೀರಿನ ಘಟಕಕ್ಕೆ ಹೋದರೆ ಬಾಗಿಲಿಗೆ ದುರಸ್ತಿ ಚೀಟಿ. ಮನೆಮನೆಗೆ ಜಾರ್ ಹಾಕುವವನ ನೀರನ್ನು ಮೂರು ದಿನ ಪರೀಕ್ಷಿಸಿದೆ, ಮೂರು ದಿನ ಮೂರು ಲೆಕ್ಕ ಬಂತು. ಇವತ್ತೊಂದು ನಾಳೆಯೊಂದು ಎನ್ನುವ ನೀರನ್ನು ನಾನು ನಂಬುವುದಿಲ್ಲ.

ಆಗ ನನ್ನೊಳಗಿನ ಬಾಯ್ಲರ್ ಮನುಷ್ಯ ಎದ್ದು ಕುಳಿತ. ನೀರು ಮೆದು ಮಾಡುವುದು ನನಗಿಂತ ಚೆನ್ನಾಗಿ ಈ ತಾಲೂಕಿನಲ್ಲಿ ಯಾರಿಗೆ ಗೊತ್ತು! ಕಾರ್ಖಾನೆಗೆ ಸಾಮಾನು ಪೂರೈಸುತ್ತಿದ್ದ ಹಳೆಯ ಪರಿಚಯದವರಿಂದ ಒಂದು ಚೀಲ ರೆಸಿನ್ ತರಿಸಿದೆ. ರೆಸಿನ್ ಎಂದರೆ ಸಾಸಿವೆಗಿಂತ ಸಣ್ಣ, ಕಂದು ಮಣಿಗಳು. ನೀರು ಅವುಗಳ ನಡುವೆ ಇಳಿಯುವಾಗ ಮಣಿಗಳು ಸುಣ್ಣವನ್ನು ಹಿಡಿದುಕೊಂಡು ಅದರ ಬದಲಿಗೆ ಉಪ್ಪಿನ ಅಂಶವನ್ನು ಬಿಟ್ಟುಕೊಡುತ್ತವೆ. ನಾಲ್ಕಿಂಚಿನ ಪೈಪು ಕೊಯ್ದೆ, ಕೆಳಗೆ ಜಾಳಿಗೆ ಕೂಡಿಸಿದೆ, ಮಣಿ ತುಂಬಿದೆ, ಮೇಲಿನಿಂದ ಬೋರಿನ ನೀರು ಬಿಟ್ಟೆ. ಕೆಳಗೆ ಹಿಡಿದ ನೀರಿಗೆ ಎರಡು ಹನಿ ಔಷಧ ಹಾಕಿದೆ. ಗಡಸು ನೀರಾದರೆ ಅದು ಕೆಂಪಾಗುತ್ತದೆ, ಮೆದು ನೀರಾದರೆ ನೀಲಿ. ನೀಲಿಯಾಯಿತು! ಹಬ್ಬದ ಸೀರೆಯ ಅಂಚಿನಂಥ ನೀಲಿ. ಎಷ್ಟೋ ವರ್ಷಗಳ ಮೇಲೆ ಆ ಬಣ್ಣ ಕಂಡು ನನ್ನ ಕೈ ತಾನೇ ಜೇಬಿನ ಪೆನ್ನಿಗೆ ಹೋಯಿತು.

ಒಂದು ಚರಿಗೆ ನೀರನ್ನು ಅಡುಗೆ ಮನೆಗೂ ಒಯ್ದೆ. "ಬ್ಯಾಳಿ ಹಾಕಿ ನೋಡು," ಎಂದೆ.

ಎರಡೇ ಸೀಟಿಗೆ ಬೇಳೆ ಕರಗಿತು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅವಳು ಚರಿಗೆಯಲ್ಲಿ ಉಳಿದ ನೀರನ್ನು ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದಳು.

"ಬ್ಯಾಳಿ ಬೆಂದೈತಿ ಖರೆ. ಆದ್ರ ನೀರು ಬಾಯಿಗಿ ಇನ್ನೂ ಸವಳನ ಹತ್ತತೈತ್ರಿ."

"ನಾಲಿಗಿ ಪರೀಕ್ಷಾ ಬ್ಯಾಡ. ಇಲ್ಲಿ ಬಣ್ಣ ನೋಡು. ಗಡಸುತನ ಸೊನ್ನೆ!"

"ನಿಮ್ಮ ಬಣ್ಣ ನೀವ ಕುಡೀರಿ," ಎಂದು ಅವಳು ಬೇಳೆಗೆ ಒಗ್ಗರಣೆ ಹಾಕಲು ತಿರುಗಿದಳು.

ತೊಟ್ಟಿಯ ನೀರನ್ನು ನಾಲ್ಕು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸಿದೆ. ನಾಲ್ಕನೆಯ ಸಲ ತತ್ತಿ ಬಂದವು. ಮೂರನೆಯ ದಿನ, ಸೋಮವಾರ, ಎಲ್ಲವೂ ಬೆಳ್ಳಗಾದವು.

ಆ ದಿನವೇ ಒಂದು ಬಾಟಲಿಯಲ್ಲಿ ನನ್ನ ಮೆದು ನೀರು, ಇನ್ನೊಂದರಲ್ಲಿ ಬೋರಿನ ನೀರು ಹಿಡಿದುಕೊಂಡು ನಿಪ್ಪಾಣಿಯ ಬಸ್ಸು ಹತ್ತಿದೆ. ಅಂಗಡಿಯವನಿಗೆ ಮೂವತ್ತೈದರ ವಯಸ್ಸು. ಅರ್ಧ ಮರಾಠಿ, ಅರ್ಧ ಕನ್ನಡ, ಬಾಯಿ ಮಾತ್ರ ಪೂರ್ತಿ. ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂದು ಹೇಳುವ ಪೆನ್ನಿನಂಥ ಮೀಟರನ್ನು ಎರಡೂ ಬಾಟಲಿಯಲ್ಲಿ ಅದ್ದಿ ನೋಡಿದ.

"ಕಾಕಾ, ಎರಡೂ ಸೇಮ್ ಐತಿ. ಉಲಟಾ ನಿಮ್ಮ ಫಿಲ್ಟರಿಂದು ಜರಾ ಜಾಸ್ತೀನ ಐತಿ."

"ಆಗೂದ ಇಲ್ಲ. ಗಡಸುತನ ಸೊನ್ನೆ."

"ಸುಣ್ಣ ಸೊನ್ನೆ ಆತ್ರಿ. ಉಪ್ಪು? ಸುಣ್ಣ ಎಬ್ಬಿಸಿ ಆ ಜಾಗಾದಾಗ ಉಪ್ಪ ಕುಂದ್ರಿಸೀರಿ. ಬಾಯ್ಲರಿಗಿ ಚಾಲತೈತಿ, ಅದಕ್ಕೇನ ಮರಿ-ಪಿಲ್ಲಿ ಹುಟ್ಟಬೇಕಾಗಿಲ್ಲ!"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ನಗಲು ಕಾರಣವೂ ಇತ್ತು. ಆ ಮಣಿಗಳು ಸುಣ್ಣ ತೆಗೆದು ಉಪ್ಪು ಕೊಡುತ್ತವೆ ಎಂದು ಹೊಸಬರಿಗೆ ಪಾಠ ಹೇಳಿಕೊಟ್ಟವನೇ ನಾನು. ಆದರೆ ನೀಲಿ ಬಣ್ಣ ಕಂಡರೆ ಮುಂದೆ ಯೋಚಿಸದಂತೆ ಮೂವತ್ತೊಂದು ವರ್ಷದ ಕೆಲಸ ನನ್ನನ್ನು ತಿದ್ದಿತ್ತು. ಅಂಗಡಿಯವನು ವಿವರಿಸಿದ: ಈ ಮೀನಿನ ಮೂಲ ದೂರದ ಮಳೆಕಾಡಿನ ಹೊಳೆಗಳು. ಅಲ್ಲಿನ ನೀರಿನಲ್ಲಿ ಯಾವ ಲವಣವೂ ಹೆಚ್ಚಿಲ್ಲ. ಹೊರಗಿನ ನೀರು ಭಾರವಾದರೆ ತತ್ತಿ ಕಟ್ಟುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಹಾಗೆಂದು ಸುಣ್ಣ ಪೂರ್ತಿ ಸೊನ್ನೆಯಾದರೂ ನಡೆಯದು, ಚೂರು ಬೇಕು. ಅಂದರೆ ನಾನು ಬೇಡದ್ದನ್ನು ಉಳಿಸಿ, ಬೇಕಾದದ್ದನ್ನು ತೆಗೆದಿದ್ದೆ.

"ಮಿರಜದಾಗ ಮೀನ ಸಾಕಾವ್ರು ಒಬ್ರು ಅದಾರ," ಎಂದ ಅವನು. "ಅವರ ಕಡೆ ನೀರು ಏಕದಂ ಛಲೋ. ಇಂಥ ಪಕ್ಕಾ ಜೋಡಿ ಹುಡಕಾಕತ್ತಾರ. ಈ ರವಿವಾರ ಬಿಟ್ಟು ಮುಂದಿನ ರವಿವಾರ ಚಿಕ್ಕೋಡಿ ದವಾಖಾನಿಗಿ ಒಂದು ಟ್ಯಾಂಕ್ ಕೂಡ್ಸಾಕ ಬರಾಂವ ಅದೀನಿ. ಜೋಡಿ ಕೊಟ್ಟಬಿಡ್ರಿ, ಬದಲಿ ಬ್ಯಾರೆ ಮೀನ ಕೊಡತೀನಿ."

ಮನೆಗೆ ಬಂದು ಹೇಳಿದೆ. ಹೆಂಡತಿ ತೊಟ್ಟಿಯ ಹತ್ತಿರ ಹೋಗಿ ನಿಂತಳು. ಹೆಣ್ಣು ಮೀನು ಖಾಲಿ ಪಾಟಿಯ ಮುಂದೆ ಸುಮ್ಮನೆ ನಿಂತಿತ್ತು.

"ಕೊಟ್ಟಬಿಡ್ರಿ," ಎಂದಳು. "ನಾಕ ಸಲ ಆತು. ಎರಡ ದಿನ ಕೂಳಿಗಿ ಬಾಯಿ ಹಚ್ಚದ ಗಾಳಿ ಹಾಕತೈತಿ, ಮೂರನೇ ದಿನ ಎಲ್ಲಾ ಹೋಗತೈತಿ. ನನ್ನ ಕೈಲೆ ನೋಡಾಕ ಆಗೂದಿಲ್ಲ. ಎಲ್ಲೆರ ಹೋಗಿ ಮಕ್ಕಳ ಮಾರಿ ನೋಡ್ಲಿ."

"ಆ ರವಿವಾರದೊಳಗ ಇನ್ನೊಂದ ಸಲ ನೋಡೂಣು."

"ನೋಡ್ರಿ. ಅವತ್ತೂ ಬೆಳ್ಳಗ ಇದ್ದು ಅಂದ್ರ ನಾನ ಕೈಯಾರೆ ಚೀಲದಾಗ ಹಾಕಿ ಕೊಡತೀನಿ."

ಅವಳು ಸುಮ್ಮನೆ ಆಡುವವಳಲ್ಲ. ನನಗಿದ್ದದ್ದು ಹದಿಮೂರು ದಿನ. ವಹಿಯಲ್ಲಿ ಹದಿಮೂರು ಗೆರೆ ಹಾಕಿದೆ.

ಹೆಂಡತಿಗೊಬ್ಬ ತಮ್ಮನಿದ್ದಾನೆ. ಅಥಣಿಯ ಆಚೆ ಹಳ್ಳಿಯಲ್ಲಿ ದ್ರಾಕ್ಷಿ ತೋಟ, ಮಣೂಕು, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡು. ನನ್ನನ್ನು ದಾಜಿ ಎಂದು ಕರೆಯುತ್ತಾನೆ, ಅಕ್ಕನ ಗಂಡನನ್ನು ಗಡಿಯ ಈ ಕಡೆ ಹಾಗೆಯೇ ಕರೆಯುವುದು. ಗುರುವಾರ ಅಕ್ಕ ಫೋನಿನಲ್ಲಿ ತಮ್ಮನಿಗೆ ನನ್ನ ಬಾಯ್ಲರ್ ನೀರಿನ ಕಥೆಯನ್ನು ಬಣ್ಣ ಕಟ್ಟಿ ಹೇಳುತ್ತಿದ್ದಳು. ಫೋನ್ ಸ್ಪೀಕರಿನಲ್ಲಿತ್ತು. ಆ ಕಡೆಯಿಂದ ಅವನು ಬಿದ್ದು ಬಿದ್ದು ನಕ್ಕ.

"ದಾಜಿ, ಬೋರಿನ ನೀರು ನಾ ದ್ರಾಕ್ಷಿಗೂ ಹಚ್ಚೂದಿಲ್ಲ, ನೀವು ತತ್ತಿಗಿ ಹಚ್ಚೀರಲ್ರಿ!"

"ಮತ್ತ ಏನ ಹಚ್ಚತಿ?"

"ಕಾಯಿ ದಪ್ಪ ಆಗ್ಲೆಂತ ಗೊನಿ ಔಷಧದಾಗ ಅದ್ದತೀವಲ್ಲ, ಅದಕ್ಕ ಮಳಿ ನೀರು. ಸವಳ ನೀರಾಗ ಆ ಔಷಧ ಕೆಲಸಾನ ಮಾಡೂದಿಲ್ಲ. ಮಳಿಗಾಲದಾಗ ಹಿಡಿದು ಟಾಕಿ ತುಂಬಿ ಇಟ್ಟಿರತೀವಿ."

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಮಳೆ ನೀರು! ಸುಣ್ಣವಿಲ್ಲ, ಉಪ್ಪಿಲ್ಲ. ಆಕಾಶದಿಂದ ಬಿದ್ದದ್ದನ್ನು ಹಿಡಿದಿಟ್ಟಿದ್ದಾರೆ, ಅದೂ ಲೆಕ್ಕ ತಪ್ಪದ ಜನ. ದ್ರಾಕ್ಷಿ ಬೆಳೆಯುವವರು ಒಂದೊಂದೇ ಗೊನೆಯನ್ನು ಮಗ್ಗಿನಲ್ಲಿ ಅದ್ದಿ ತೆಗೆಯುವುದನ್ನು ನಾನು ನೋಡಿದ್ದೆ. ಆ ಮಗ್ಗಿನೊಳಗಿನ ನೀರು ಯಾವುದು ಎಂದು ಒಮ್ಮೆಯೂ ಕೇಳಿರಲಿಲ್ಲ. ದೀಪಾವಳಿ ಆಗಷ್ಟೇ ಮುಗಿದಿತ್ತು, ಅವರ ಅದ್ದುವ ಕೆಲಸ ಇನ್ನೂ ಶುರುವಾಗಿರಲಿಲ್ಲ. ಟಾಕಿ ತುಂಬಿತ್ತು.

ಶುಕ್ರವಾರ ಮೊದಲ ಬಸ್ಸಿಗೆ ಹೊರಟೆ. ಚೀಲದಲ್ಲಿ ಬಣ್ಣದ ಔಷಧ, ಸುಣ್ಣ ಎಷ್ಟೆಂದು ಅಳೆಯುವ ದ್ರವ, ಅಂಗಡಿಯವನಿಂದ ಕೊಂಡಿದ್ದ ಪೆನ್ ಮೀಟರು, ನಾಲ್ಕು ಗಾಜಿನ ಲೋಟ.

ತೋಟದಲ್ಲಿ ಮೂರು ಕಡೆ ಮಳೆ ನೀರಿತ್ತು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಮೊದಲನೆಯದು. ಮೀಟರು ಒಳ್ಳೆಯ ಲೆಕ್ಕವನ್ನೇ ತೋರಿಸಿತು. ಆದರೆ ಬದಿಯಲ್ಲೇ ಬಳ್ಳಿಗೆ ಔಷಧ ಹೊಡೆಯುತ್ತಾರೆ, ಗಾಳಿ ಬೀಸಿದರೆ ಅರ್ಧ ಹೊಂಡಕ್ಕೇ ಬರುತ್ತದೆ. ಬೇಡ ಎಂದೆ. ಎರಡನೆಯದು ಮಣೂಕಿನ ಶೆಡ್ಡಿನ ತಗಡಿನಿಂದ ಇಳಿದದ್ದು. ಆ ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕುತ್ತಾರೆ, ತಗಡಿನ ಅಂಚು ಹಳದಿಯಾಗಿತ್ತು. ಅದೂ ಬೇಡ.

"ದಾಜಿ, ಹೆಣ್ಣ ನೋಡಾಕ ಬಂದಂಗ ಬಂದೀರಿ," ಎಂದ ತಮ್ಮ. "ಎಲ್ಲಾದ್ರಾಗೂ ಐಬ."

ಮೂರನೆಯದು ಮನೆಯ ಗಚ್ಚಿನ ಮಾಳಿಗೆಯಿಂದ ಬಂದ ನೀರು. ಮೊದಲ ಎರಡು ಮಳೆ ಬಿಟ್ಟು, ಮಾಳಿಗೆ ತೊಳೆದ ಮೇಲೆ ಹಿಡಿದದ್ದು, ಕರಿಯ ಟಾಕಿಯಲ್ಲಿ, ಮುಚ್ಚಳ ಬಿಗಿದು. ಅದ್ದುವ ಕೆಲಸಕ್ಕೆ ಇಟ್ಟ ನೀರೂ ಅದೇ. ಲೋಟಕ್ಕೆ ಹಿಡಿದು ಮೀಟರು ಅದ್ದಿದೆ. ಅಂಕಿ ಇಳಿಯಿತು, ಇನ್ನೂ ಇಳಿಯಿತು, ಎರಡಂಕಿಗೆ ಬಂದು ನಿಂತಿತು. ನಾನು ಮೀಟರು ಒರೆಸಿ ಮತ್ತೆ ಅದ್ದಿದೆ. ಅದೇ! ಬಣ್ಣದ ಹನಿ ಹಾಕಿದೆ. ತೆಳು ಕೆಂಪು ಬಂತು, ಅಳೆಯುವ ದ್ರವದ ಒಂದೇ ಹನಿಗೆ ನೀಲಿಯಾಯಿತು. ಅಂದರೆ ಸುಣ್ಣ ಚೂರೇ ಚೂರು ಇದೆ, ಸೊನ್ನೆಯಲ್ಲ. ಕೊನೆಗೆ ಈ ಸಲ ಒಂದು ಗುಟುಕು ಕುಡಿದೂ ನೋಡಿದೆ. ನಾಲಿಗೆಗೆ ಏನೂ ಹತ್ತಲಿಲ್ಲ.

"ಇದ!" ಎಂದು ನಾನು ಕೂಗಿದ್ದಕ್ಕೆ ಕಟ್ಟಿದ್ದ ಎಮ್ಮೆ ತಲೆ ಎತ್ತಿ ನೋಡಿತು.

ತಮ್ಮ ಖುಷಿಯಿಂದ ಎರಡು ಪ್ಲಾಸ್ಟಿಕ್ ಕ್ಯಾನ್ ತಂದ. ಮುಚ್ಚಳ ತೆಗೆದು ಮೂಸಿದೆ. ಔಷಧದ ಘಾಟು.

"ಮೂರ ಸಲ ತೊಳದೀನಿ ದಾಜಿ!"

"ಮೂವತ್ತ ಸಲ ತೊಳದ್ರೂ ಬ್ಯಾಡ. ಹಾಲಿನ ಕ್ಯಾನ್ ಕೊಡು."

"ಹಾಲ ಯಾದ್ರಾಗ ಹಾಕ್ಲಿ? ಸಂಜಿಗಿ ಡೇರಿಗಿ ಒಯ್ಯಬೇಕು."

"ಸಂಜಿಗಿ ಬ್ಯಾರೆದವ್ರ ಕಡೆ ಇಸ್ಕೋ. ನಿಮ್ಮ ಅಕ್ಕನ ಮೀನಿನ ಪ್ರಶ್ನೆ ಐತಿ."

ಅಕ್ಕನ ಹೆಸರು ಬಂದದ್ದೇ ಅವನು ಒಲೆಯ ಮೇಲೆ ನೀರು ಕಾಯಲಿಟ್ಟ. ಇಪ್ಪತ್ತಿಪ್ಪತ್ತು ಲೀಟರಿನ ಎರಡು ಹಾಲಿನ ಕ್ಯಾನುಗಳನ್ನು ಬಿಸಿ ನೀರಿನಿಂದ ತೊಳೆದು, ಮಳೆ ನೀರು ತುಂಬಿ, ತಾನೇ ಗಾಡಿಯ ಮೇಲಿಟ್ಟು ತಂದು ಬಸ್ಸಿನೊಳಗೆ ಚಾಲಕನ ಹಿಂದೆ ನಿಲ್ಲಿಸಿ ಹೋದ.

ಕಂಡಕ್ಟರು ಚೀಟಿ ಹರಿಯುತ್ತ ಬಂದ. "ಯಜಮಾನ್ರ, ಹಾಲಾ?"

"ನೀರು."

"ನೀರಾ?" ಅವನು ಮುಚ್ಚಳ ತಟ್ಟಿದ. "ಎಲ್ಲಿಗಿ?"

"ಚಿಕ್ಕೋಡಿಗಿ."

ಹಿಂದಿನ ಸೀಟಿನ ಅಜ್ಜಿಯೊಬ್ಬಳು ಮುಂದಕ್ಕೆ ಬಾಗಿದಳು. "ಯವ್ವಾ! ಬ್ಯಾಸಿಗ್ಯಾಗ ನಮ್ಮ ಊರಿಗಿ ಟ್ಯಾಂಕರಿಲೆ ನೀರ ಬರತಾವ. ನಮ್ಮ ಕಡಿಂದ ಚಿಕ್ಕೋಡಿಗಿ ಒಯ್ಯೂವಂಥಾ ಬರಾ ಏನ ಬಂತಪಾ ನಿಮಗ?"

ಮೀನಿನ ತತ್ತಿಗೆ ಎಂದೆ. ಹೇಳಬಾರದಿತ್ತು. ಇಡೀ ಬಸ್ಸಿಗೆ ಗೊತ್ತಾಯಿತು. ಕೃಷ್ಣೆಯ ಸೇತುವೆ ಬಂದಾಗ ಕಂಡಕ್ಟರು ಕಿಟಕಿಯಿಂದ ಕೆಳಗೆ ಕೈ ತೋರಿಸಿದ. ಹೊಳೆ ದಡದಿಂದ ದಡಕ್ಕೆ ಹರಿಯುತ್ತಿತ್ತು.

"ಗಾಡಿ ನಿಂದ್ರಸ್ಲೇನ್ರಿ? ಕ್ಯಾನಿಂದು ಚೆಲ್ಲಿ ಇದನ್ನ ತುಂಬ್ಕೋರಿ. ತಾಜಾ ಐತಿ!"

"ಗಾಡಿ ನಿಂತ್ರ ನೀರು ತುಳಕತೈತಿ, ಹೊಡೀರಿ," ಎಂದೆ. ನಗೆ ತಡೆಯಲು ನನಗೂ ಆಗಲಿಲ್ಲ. ಎರಡೂ ಕೈಯಿಂದ ಎರಡೂ ಮುಚ್ಚಳ ಒತ್ತಿ ಹಿಡಿದುಕೊಂಡೇ ಊರು ಸೇರಿದೆ.

ಮುಂದಿನದು ನನ್ನ ವಿದ್ಯೆ. ಹೊಸ ನೀರನ್ನು ಒಮ್ಮೆಲೇ ಸುರಿದರೆ ಮೀನಿಗೆ ಆಘಾತವಾಗುತ್ತದೆ. ಔಷಧದ ಅಂಗಡಿಯಿಂದ ಸಲಾಯಿನ್ ಹಾಕುವ ನಳಿಗೆ ತಂದೆ, ಹನಿಯ ವೇಗವನ್ನು ಹೆಚ್ಚು ಕಡಿಮೆ ಮಾಡುವ ಗಾಲಿಯಿರುವುದು. ಮಳೆ ನೀರಿಗೆ ಅಷ್ಟೇ ಪ್ರಮಾಣದ ನಳದ ನೀರು ಬೆರೆಸಿದೆ. ನಳದ ನೀರಿನ ಬ್ಲೀಚಿಂಗ್ ಹೋಗಲೆಂದು ಅದನ್ನು ಒಂದು ದಿನ ಬಕೆಟ್ಟುಗಳಲ್ಲಿ ಬಯಲಿಗಿಟ್ಟಿದ್ದೆ. ಶನಿವಾರ ಬೆಳಿಗ್ಗೆ ಶುರು. ಒಂದು ಕಡೆಯಿಂದ ಹಳೆಯ ನೀರು ತೆಗೆಯುವುದು, ಇನ್ನೊಂದು ಕಡೆಯಿಂದ ಹೊಸದು ಹನಿ ಹನಿ. ಎರಡು ತಾಸಿಗೊಮ್ಮೆ ಮೀಟರು, ವಹಿ. ಅಂಕಿ ದಿನದಿಂದ ದಿನಕ್ಕೆ ಇಳಿಯಿತು. ಮಂಗಳವಾರ ಸಂಜೆ ನಾನು ಬಯಸಿದಲ್ಲಿಗೆ ಬಂದು ನಿಂತಿತು.

ಬುಧವಾರ ಗಂಡು ಮೀನು ಪಾಟಿಯನ್ನು ಬಾಯಿಯಿಂದ ಉಜ್ಜತೊಡಗಿತು. ಗುರುವಾರ ಸಂಜೆ ಐದಕ್ಕೆ ತತ್ತಿ ಬಂದವು, ಹಿಂದೆಂದೂ ಇಷ್ಟು ಸಾಲು ಇರಲಿಲ್ಲ.

ಹೆಂಡತಿ ಒಂದು ಸಲ ನೋಡಿದವಳು ಆಮೇಲೆ ಆ ಕಡೆಗೆ ಮುಖ ಮಾಡಲಿಲ್ಲ. "ನಾ ನೋಡೂದಿಲ್ಲ. ಏನಾತಂತ ರವಿವಾರ ಹೇಳ್ರಿ," ಎಂದಳು. ಆದರೂ ಶುಕ್ರವಾರ ಮಿಕ್ಸರ್ ಹಚ್ಚಲಿಲ್ಲ. ಚಟ್ನಿಯನ್ನು ಹಿತ್ತಲಿನ ಒರಳಿನಲ್ಲಿ ರುಬ್ಬಿದಳು. ಶನಿವಾರ ಮಧ್ಯಾಹ್ನ ಅಂಚಿನ ಆರೇಳು ತತ್ತಿ ಬೆಳ್ಳಗಾದವು. ತಾಯಿ ಮೀನು ಆ ಬಿಳಿಯವನ್ನಷ್ಟೇ ಆರಿಸಿ ತೆಗೆದು ಹಾಕಿತು. ಉಳಿದವು ಜೇನು ಬಣ್ಣದಲ್ಲೇ ಇದ್ದವು. ಭೂತಗನ್ನಡಿ ಹಿಡಿದು ನೋಡಿದರೆ ಒಳಗೆ ಚುಕ್ಕೆಯಂಥ ಕಪ್ಪು. ಹೆಂಡತಿಗೆ ಸುಳ್ಳು ಆಸೆ ಹುಟ್ಟಿಸುವುದು ಬೇಡವೆಂದು ವಹಿಯಲ್ಲಿ ಮಾತ್ರ ಬರೆದೆ.

ರವಿವಾರ ಆರೂಕಾಲಿಗೆ ಟಾರ್ಚು ಓರೆ ಹಿಡಿದು ನೋಡಿದೆ. ಪಾಟಿ ನಡುಗುತ್ತಿತ್ತು. ಕಣ್ಣು ಒರೆಸಿಕೊಂಡೆ. ನಡುಗುತ್ತಿದ್ದದ್ದು ಪಾಟಿಯಲ್ಲ, ನೂರಾರು ಕೂದಲೆಳೆಯಂಥ ಬಾಲಗಳು ಒಟ್ಟಿಗೆ ಬಡಿಯುತ್ತಿದ್ದವು.

"ಏ! ಬಾ ಇಲ್ಲಿ! ಲಗೂ ಬಾ!"

"ಬೆಳ್ಳಗ ಅದಾವೇನು?" ಅಡುಗೆ ಮನೆಯಿಂದ ಅವಳ ಧ್ವನಿ ಸಣ್ಣಗಿತ್ತು.

"ಬಾಲ ಅದಾವ!"

ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಾನು ಟಾರ್ಚು ಹಿಡಿದೆ. ಅವಳು ಮೂಗನ್ನು ಗಾಜಿಗೆ ಒತ್ತಿ ನೋಡಿದಳು. ಆಮೇಲೆ, "ಆ ಕಡಿಂದು ನೋಡ್ರಿ, ಅದು ಬೀಳಾಕ ಹತ್ತೈತಿ, ತಾಯಿ ಬಾಯಾಗ ಹಿಡಕೊಂಡು ಮತ್ತ ಹಚ್ಚಾಕತ್ತೈತಿ!" ಎಂದಳು. ಖರೆ, ಜಾರಿ ಬಿದ್ದ ಮರಿಗಳನ್ನು ತಾಯಿ ಬಾಯಲ್ಲಿ ಹಿಡಿದು ಪಾಟಿಗೆ ಮರಳಿ ಅಂಟಿಸುತ್ತಿತ್ತು. ಆ ದಿನ ಏಳಕ್ಕೆ ತಿಂಡಿ ಆಗಲಿಲ್ಲ. ಯಾರಿಗೂ ನೆನಪಿರಲಿಲ್ಲ.

ಹತ್ತಕ್ಕೆ ಅಂಗಡಿಯವನು ಬಂದ. ಕೈಯಲ್ಲಿ ಗಾಳಿ ತುಂಬುವ ಪ್ಲಾಸ್ಟಿಕ್ ಚೀಲ, ಜಾಳಿಗೆ. ಹೆಂಡತಿ ಬಾಗಿಲಲ್ಲೇ ತಡೆದಳು.

"ಜೋಡಿ ಕೊಡೂದಿಲ್ಲಪಾ. ಮನ್ಯಾಗ ಬಾಣಂತನ ಐತಿ."

"ಯಾರದ್ರಿ ಕಾಕೂ?"

"ಒಳಗ ಬಂದು ನೋಡು. ಮೊದಲ ಕಾಲ ತೊಳಕೋ. ಗದ್ದಲಾ ಮಾಡಬ್ಯಾಡ."

ಅವನು ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ತಲೆಯನ್ನು ಎಡಕ್ಕೆ ಬಲಕ್ಕೆ ವಾಲಿಸಿ ಪಾಟಿಯ ಮೇಲಿನ ಸಾಲುಗಳನ್ನು ಎಣಿಸಿದ. "ಅರೇ ವ್ಹಾ, ಕಾಕಾ! ಏಕದಂ ಬೆಸ್ಟ್!" ಎಂದ. ಐದು ದಿನ ಮರಿಗಳಿಗೆ ಏನೂ ಹಾಕಬೇಡಿರಿ, ಹೊಟ್ಟೆಯಲ್ಲಿ ತಮ್ಮ ಬುತ್ತಿ ತಾವೇ ತಂದಿರುತ್ತವೆ, ಈಜಲು ಕಲಿತ ಮೇಲೆ ಹುಡಿ ಆಹಾರ ಎಂದ. ನೀರು ಎಲ್ಲಿಯದೆಂದು ಕೇಳಿದ. ದ್ರಾಕ್ಷಿ ತೋಟದ್ದೆಂದರೆ ನಂಬದೆ ತನ್ನ ಮೀಟರನ್ನೇ ಅದ್ದಿ ನೋಡಿದ. ಆಮೇಲೆ ಅಲ್ಲಿಯೇ ಕೂತು ಮಿರಜದವರಿಗೆ ಮರಾಠಿಯಲ್ಲಿ ಫೋನು ಮಾಡಿದ. ಜೋಡಿ ಸಿಗುವುದಿಲ್ಲ ಸಾಹೇಬರೇ ಎಂದು ತಗ್ಗಿದ ಧ್ವನಿಯಲ್ಲಿ ಹೇಳುತ್ತಿದ್ದ. ಆ ಕಡೆಯವರು ಯಾಕೆ ಏನು ಎಂದು ರೇಗುತ್ತಿದ್ದದ್ದು ನಮಗೂ ಕೇಳಿಸಿತು.

ಹೆಂಡತಿ ಚಹಾದ ಕಪ್ಪು-ಬಸಿ ಹಿಡಿದು ಬಂದಳು. "ಬಾಣಂತಿ ಐತಿ, ಹೊರಗ ಕಳಸೂದಿಲ್ಲಂತ ಹೇಳು ಅವ್ರಿಗಿ."

"ಬಾಳಂತೀಣ್ ಆಹೇ, ಸಾಹೇಬ್," ಎಂದ ಅವನು ಫೋನಿಗೆ.

ಮಿರಜದಿಂದ ಬಂದ ನಗೆ ಎಷ್ಟು ಜೋರಾಗಿತ್ತೆಂದರೆ, ಬಾಣಂತಿಗೆ ಗದ್ದಲವಾಗಬಾರದೆಂದು ಹೆಂಡತಿ ಫೋನನ್ನು ಅವನ ಕೈಯಿಂದ ಕಸಿದು ಪಡಸಾಲೆಯ ಹೊರಗೆ ಒಯ್ದಳು.